ಚದರಕ್ಕೆ ಎಷ್ಟು ಎಂದು ಕೇಳುವ ಮೊದಲು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ – ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಮನೆ ಕೆಲಸದ ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ: ‘ಚದರಕ್ಕೆ ಎಷ್ಟು ಮೇಸ್ತ್ರಿ?’ ನೂರು ಚದರಡಿಗೆ ಒಂದು ಚದರ. ಹನ್ನೆರಡು ಚದರದ ಮನೆ ಎಂದರೆ 1,200 ಚದರಡಿ. ಮೇಸ್ತ್ರಿ ಒಂದು ಅಂಕಿ ಹೇಳುತ್ತಾರೆ. ಮನೆಯವರು ಸ್ವಲ್ಪ ಇಳಿಸಿ ಎನ್ನುತ್ತಾರೆ. ಎಲೆ ಅಡಿಕೆಯ ಮೇಲೆ ಅಡ್ವಾನ್ಸ್ ಇಟ್ಟು ಕೊಟ್ಟರೆ ವ್ಯವಹಾರ ಮುಗಿಯಿತು.

ಖಾಲಿ ಸೈಟಿನಲ್ಲಿ ಪಾಯದಿಂದ ಎಬ್ಬಿಸುವ ಮನೆಗೆ ಈ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ. ಇದ್ದ ಮನೆಯನ್ನು ರಿಪೇರಿ ಮಾಡಿ ಹೊಸದು ಮಾಡುವ ಕೆಲಸಕ್ಕೆ ನಡೆಯುವುದಿಲ್ಲ. ಅಲ್ಲಿನ ಖರ್ಚು ಕೂತಿರುವುದು ಗೋಡೆಯೊಳಗಿನ ಮಣ್ಣಿನಲ್ಲಿ, ಚಾವಣಿಯ ಮೋಲ್ಡ್‌ನೊಳಗೆ ತುಕ್ಕು ಹಿಡಿದ ಕಂಬಿಯಲ್ಲಿ, ಬಚ್ಚಲಿನ ಕೆಳಗೆ ಎಲ್ಲೋ ಒಡೆದ ಪೈಪಿನಲ್ಲಿ. ಅದನ್ನೆಲ್ಲ ನೋಡದೆ ಗೇಟಿನ ಹತ್ತಿರವೇ ನಿಂತು ಚದರಕ್ಕೆ ಇಷ್ಟು ಎನ್ನುವವರು ಒಂದೋ ಜಾಸ್ತಿ ಹೇಳಿರುತ್ತಾರೆ, ಇಲ್ಲವೇ ಕಡಿಮೆ ಹೇಳಿ ಅರ್ಧ ಒಡೆದ ಮೇಲೆ ‘ಇದು ಎಕ್ಸ್‌ಟ್ರಾ’ ಎನ್ನುತ್ತಾರೆ. ಅರ್ಧ ಒಡೆದ ಮನೆಯವರಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿರುತ್ತದೆ?

ಈ ಜಿಲ್ಲೆಯಲ್ಲಿ ಈಗ ಇಂಥ ಕೆಲಸ ಬಹಳ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾಯಿತು. ದಾಬಸ್‌ಪೇಟೆಯ ಕೈಗಾರಿಕೆಗಳು ಬೆಳೆದವು. ದೊಡ್ಡಬಳ್ಳಾಪುರಕ್ಕೆ ಅಪರೆಲ್ ಪಾರ್ಕ್ ಬಂತು. ಈಚೆಗೆ ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಕಾರ್ಖಾನೆಯೂ ಬಂದಿದೆ. ಬಾಡಿಗೆಗೆ ಬರುವವರು ಹೆಚ್ಚಿದ್ದಾರೆ. ಹಾಗಾಗಿ ಇಲ್ಲಿ ‘ಮನೆ ರಿನೋವೇಶನ್’ ಎಂದರೆ ಎರಡು ಅರ್ಥ: ಇರುವ ಮನೆಯ ಅಡುಗೆಮನೆ, ಬಚ್ಚಲು, ನೆಲ ಬದಲಿಸುವುದು ಒಂದು, ಇರುವ ಮನೆಯ ಮೇಲೆ ಇನ್ನೊಂದನ್ನು ಎಬ್ಬಿಸಿ ಬಾಡಿಗೆಗೆ ಬಿಡುವುದು ಇನ್ನೊಂದು. ಎರಡಕ್ಕೂ ಒಬ್ಬರೇ ಕಂಟ್ರಾಕ್ಟರ್ ಸರಿಹೋಗಬೇಕೆಂದೇನಿಲ್ಲ.

ಹಳೇ ಮನೆ ಎಂದರೂ ಒಂದೇ ಬಗೆಯದಲ್ಲ. ದೇವನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಕಲ್ಲು ಚಪ್ಪಡಿಯ ಮನೆಗಳು ಇನ್ನೂ ಇವೆ. ಬಂಡೆ ಕೈಗೆಟುಕುವ ಸೀಮೆ ಇದು; ಸಾದಹಳ್ಳಿ ಕಲ್ಲು, ಕೊಯಿರ ಕಲ್ಲು ಎಂದು ಊರ ಹೆಸರು ಹೇಳಿಯೇ ಮಾರುತ್ತಾರೆ. ಕೊಯಿರ ಬೆಟ್ಟದ ಕಲ್ಲು ವಿಧಾನಸೌಧಕ್ಕೆ ಹೋಯಿತೆಂದು ಆ ಸುತ್ತಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಈ ಮನೆಗಳಲ್ಲಿ ಕಲ್ಲು ಕಂಬ, ಕಲ್ಲಿನ ತೊಲೆ, ಅದರ ಮೇಲೆ ಹಾಸಿದ ಚಪ್ಪಡಿ, ಸಂದಿಗೆ ಗಾರೆ. ಗೋಡೆಯೂ ಕಲ್ಲಿನದೇ, ಆದರೆ ಎಷ್ಟೋ ಕಡೆ ಆ ಕಲ್ಲುಗಳನ್ನು ಹಿಡಿದಿರುವುದು ಮಣ್ಣು. ಮೋಲ್ಡ್‌ನಲ್ಲಿ ಕಂಬಿ ಇರುವುದರಿಂದ ಅದು ಬಾಗಿ, ಬಿರುಕು ಬಿಟ್ಟು ಮೊದಲೇ ಸೂಚನೆ ಕೊಡುತ್ತದೆ. ಚಪ್ಪಡಿಗೆ ಕಂಬಿಯಿಲ್ಲ, ಕೆಳಗಿನ ಆಸರೆ ಸ್ವಲ್ಪ ಜರುಗಿದರೂ ಒಮ್ಮೆಗೇ ಮುರಿಯುತ್ತದೆ. ಇಂಥ ಮನೆಯಲ್ಲಿ ಕಿಟಕಿ ದೊಡ್ಡದು ಮಾಡೋಣ ಎಂದು ಮೊದಲ ದಿನವೇ ಸುತ್ತಿಗೆ ಎತ್ತುವವರನ್ನು ಒಳಗೆ ಬಿಟ್ಟುಕೊಳ್ಳಬಾರದು. ಮಣ್ಣಿನಲ್ಲಿ ಕಟ್ಟಿದ ಇಂಥ ಗೋಡೆಗೆ ದಪ್ಪ ಸಿಮೆಂಟ್ ಪ್ಲಾಸ್ಟರ್ ಬಡಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಕೆಲವು ಮಳೆಗಾಲದಲ್ಲೇ ಹಾಳೆ ಹಾಳೆಯಾಗಿ ಕಳಚಿ ಬೀಳುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಸುಣ್ಣದ ಕೆಲಸ ಬಲ್ಲವರು ಈಗ ಕಡಿಮೆ ಎಂಬುದೂ ನಿಜ.

ದೊಡ್ಡಬಳ್ಳಾಪುರ ಪೇಟೆಯೊಳಗಿನ ಮಗ್ಗದ ಮನೆಗಳದ್ದು ಬೇರೆ ಕಥೆ. ವಿದ್ಯುತ್ ಮಗ್ಗಗಳು ವರ್ಷಗಟ್ಟಲೆ ಬಡಿದ ಗೋಡೆಯ ಮೇಲೆ ಮಹಡಿ ಎಬ್ಬಿಸುವ ಮುನ್ನ ಅದುರುವಿಕೆಯಿಂದ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಬೇಕು. ಹಿಂದೆ ಕೈಮಗ್ಗ ಇದ್ದ ಮನೆಯಾದರೆ ನೆಲದಡಿ ಮುಚ್ಚಿಹಾಕಿದ ಮಗ್ಗದ ಕುಣಿ ಇದ್ದೀತು. ದಮ್ಮಸ್ಸು ಮಾಡದೆ ಸುಮ್ಮನೆ ಮಣ್ಣು ತುಂಬಿದ್ದರೆ ಹೊಸ ಟೈಲ್ಸ್ ಅಲ್ಲೇ ಕುಸಿಯುತ್ತದೆ. ‘ಇಲ್ಲಿ ಮಗ್ಗ ಇತ್ತಾ, ಎಲ್ಲಿತ್ತು?’ ಎಂದು ಕೇಳುವ ಮೇಸ್ತ್ರಿ ಸಿಕ್ಕರೆ ಅರ್ಧ ಚಿಂತೆ ಕಳೆಯಿತು.

ನೆಲಮಂಗಲ, ಹೊಸಕೋಟೆ ಪೇಟೆಗಳಲ್ಲಿ ಸಿಗುವುದು ಪಿಲ್ಲರ್ ಇಲ್ಲದ ಹಳೆಯ ಮೋಲ್ಡ್ ಮನೆಗಳು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯೇ ಅಲ್ಲಿ ಎಲ್ಲ ಭಾರ ಹೊರುತ್ತದೆ. ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ತೆಗೆದು ‘ಓಪನ್ ಕಿಚನ್’ ಮಾಡುವ ಆಸೆ ಈಗ ಮನೆಮನೆಯಲ್ಲಿದೆ. ಮೊಬೈಲಿನಲ್ಲಿ ನೋಡಿದ ವಿಡಿಯೋದ ಮನೆಗೆ ಪಿಲ್ಲರ್ ಇರುತ್ತದೆ, ನಮ್ಮ ಮನೆಗೆ ಇರುವುದಿಲ್ಲ. ಆಸೆ ಹೇಳಿಕೊಂಡಾಗ ‘ಆಯ್ತು ಸಾರ್, ತೆಗೆದುಬಿಡೋಣ’ ಎಂದು ತಕ್ಷಣ ಒಪ್ಪುವವರಿಗಿಂತ, ತಾರಸಿಗೆ ಹತ್ತಿ ಆ ಗೋಡೆಯ ಮೇಲೇನಿದೆ ಎಂದು ನೋಡಿ, ‘ತೆಗೆಯಬಹುದು, ಆದರೆ ಕಬ್ಬಿಣದ ತೊಲೆ ಕೂರಿಸಬೇಕು, ಅದಕ್ಕಿಷ್ಟಾಗುತ್ತದೆ’ ಎನ್ನುವವರು ಮೇಲು. ವಾಸ್ತು ಹೇಳುವವರ ಮಾತಿಗೆ ಬಾಗಿಲು ಜರುಗಿಸುವಾಗಲೂ ಇದೇ ಮಾತು. ಈಶಾನ್ಯ ಸರಿಮಾಡಲು ಹೋಗಿ ಲಿಂಟಲ್ ಮುರಿದುಕೊಂಡವರು ಊರಿಗೊಬ್ಬರಾದರೂ ಇದ್ದಾರೆ.

ಮೊದಲ ಭೇಟಿಯಲ್ಲಿ ಮೇಸ್ತ್ರಿ ಏನೇನು ಮಾಡುತ್ತಾರೆ ಎಂದು ಗಮನಿಸಿ. ತಾರಸಿಗೆ ಹೋದರೇ? ಗೋಡೆ, ಟೈಲ್ಸ್ ಬೆರಳಲ್ಲಿ ತಟ್ಟಿ ಟೊಳ್ಳು ಸದ್ದು ಕೇಳಿದರೇ? ಸಂಪು, ಮೇಲಿನ ಟ್ಯಾಂಕ್, ಮೀಟರ್ ಬೋರ್ಡ್ ನೋಡಿದರೇ? ಬಚ್ಚಲಿನ ಗೋಡೆಯ ಹಿಂಬದಿಗೆ ಹೋದರೇ? ಮಹಡಿ ಎಬ್ಬಿಸುವುದಾದರೆ ಪಾಯದ ಪಕ್ಕ ಒಂದು ಗುಂಡಿ ತೋಡಿ ಅದರ ಆಳ, ಅಗಲ ನೋಡೋಣ ಎಂದರೇ? ಇದಿಷ್ಟಕ್ಕೆ ಹೆಚ್ಚೆಂದರೆ ಅರ್ಧ ದಿನ ಹಿಡಿಯುತ್ತದೆ. ಮಹಡಿಯ ವಿಷಯದಲ್ಲಂತೂ ಮೇಸ್ತ್ರಿ ಎಷ್ಟೇ ಅನುಭವಿಯಾದರೂ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ಪ್ರತ್ಯೇಕವಾಗಿ ಫೀ ಕೊಟ್ಟು ತೋರಿಸಬೇಕು. ನಮ್ಮಲ್ಲಿ ಪ್ಲಾನ್ ಬರೆಯುವವರೂ ಕಟ್ಟುವವರೂ ಒಬ್ಬರೇ ಆಗಿರುವುದು ರೂಢಿ. ಆಗ ಕೆಲಸ ಸರಿಯಾಗಿದೆಯೇ ಎಂದು ನೋಡುವವರು ಯಾರೂ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡದ್ದು ಈ ಭಾಗದ ಎಲ್ಲ ಮೇಸ್ತ್ರಿಗಳಿಗೂ ನೆನಪಿದೆ. ಮನೆಯವರಿಗೂ ಇರಬೇಕು.

‘ರಿಪೇರಿ ಅಂತ ಹೇಳ್ಕೊಳ್ಳೋಣ, ಪರ್ಮಿಶನ್ ಯಾಕೆ?’ ಎಂಬ ಮಾತನ್ನೂ ಕೇಳುತ್ತೀರಿ. ಬಣ್ಣ, ಟೈಲ್ಸ್, ಪೈಪು ಬದಲಿಸಲು ಯಾರ ಅನುಮತಿಯೂ ಬೇಡ. ಕಟ್ಟಡ ಹೆಚ್ಚಿಸುವುದಾದರೆ ಗ್ರಾಮ ಪಂಚಾಯ್ತಿಯ ಅನುಮತಿ ಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ಪೇಟೆಯಾದರೆ ನಗರಸಭೆ, ಪುರಸಭೆ. ಅದರ ಮೇಲೆ ಯೋಜನಾ ಪ್ರಾಧಿಕಾರ, ದೇವನಹಳ್ಳಿ ಭಾಗಕ್ಕಾದರೆ ವಿಮಾನ ನಿಲ್ದಾಣ ಪ್ರದೇಶದ ಪ್ರಾಧಿಕಾರವಾದ ಬಿಯಾಪ. ದಂಡವಾಗಲಿ ಕರೆಂಟು ಸಂಪರ್ಕದ ತೊಡಕಾಗಲಿ ಬರುವುದು ಮನೆಯ ಮಾಲೀಕರಿಗೆ. ಅಷ್ಟು ಹೊತ್ತಿಗೆ ಆ ಸಲಹೆ ಕೊಟ್ಟವರು ಬೇರೆ ಸೈಟಿನಲ್ಲಿರುತ್ತಾರೆ.

ಎಸ್ಟಿಮೇಟ್ ಎಂಬ ಚೀಟಿ

ಮೂರು ಕಡೆ ಕೇಳಿ ಎಂದು ಎಲ್ಲರೂ ಹೇಳುತ್ತಾರೆ. ಮೂವರ ಅಂಕಿಯನ್ನು ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮೂವರೂ ಮನಸ್ಸಿನಲ್ಲಿ ಮೂರು ಬೇರೆ ಬೇರೆ ಕೆಲಸ ಇಟ್ಟುಕೊಂಡು ಹೇಳಿರುತ್ತಾರೆ. ಕೆಲಸದ ಪಟ್ಟಿಯನ್ನು ಮನೆಯವರೇ ಬರೆಯಬೇಕು, ಕೋಣೆ ಕೋಣೆಯಂತೆ. ಅದೇ ಪಟ್ಟಿಗೆ ಮೂವರೂ ರೇಟು ತುಂಬಬೇಕು. ಬರೆಯುವಾಗ ಮನೆಯ ಹೆಂಗಸರು ಕೂತಿರಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಹಗಲೆಲ್ಲ ಮನೆಯಲ್ಲಿದ್ದು ಕೆಲಸ ನೋಡುವವರು ಅವರು. ಅಡುಗೆಕಟ್ಟೆ ಎಷ್ಟು ಎತ್ತರ ಇರಬೇಕು, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ಹಂಡೆ ಒಲೆ ಉಳಿಯಬೇಕೇ ಹೋಗಬೇಕೇ ಎಂದು ಬಲ್ಲವರೂ ಅವರೇ. ಅವರು ಏನೋ ಕೇಳಿದಾಗ ‘ಯಜಮಾನ್ರು ಬರಲಿ ಅಮ್ಮ, ಅವರ ಹತ್ರ ಮಾತಾಡ್ತೀನಿ’ ಎನ್ನುವ ಕಂಟ್ರಾಕ್ಟರನ್ನು ಅಲ್ಲಿಗೇ ಬಿಡಬಹುದು.

ಪಟ್ಟಿಯಲ್ಲಿ ಜನ ಬಿಡುವುದು ಯಾವಾಗಲೂ ಒಂದೇ ಬಾಬತ್ತುಗಳನ್ನು. ಒಡೆದ ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಖರ್ಚು ಯಾರದು? (ಅದನ್ನು ರಾತ್ರೋರಾತ್ರಿ ಊರ ಕೆರೆಗೆ ಸುರಿಯುವುದು ನಮ್ಮಲ್ಲಿ ಮಾಮೂಲಾಗಿದೆ. ಹಾಗೆ ಸುರಿಯುವಂತಿಲ್ಲವೆಂದು 2016ರ ಕಟ್ಟಡ ತ್ಯಾಜ್ಯ ನಿಯಮಗಳು ಬಂದವು, ಕೆರೆಗಳು ಮಾತ್ರ ತುಂಬುತ್ತಲೇ ಇವೆ.) ಕ್ಯೂರಿಂಗ್‌ಗೆ ನೀರು ಯಾರದು? ಬೋರ್‌ವೆಲ್ ಬತ್ತಿದ ಊರುಗಳಲ್ಲಿ ಟ್ಯಾಂಕರ್ ತರಿಸಬೇಕು. ಅದು ಯಾರ ತಲೆಗೆ ಎಂದು ಬರೆಯದಿದ್ದರೆ ಯಾರೂ ನೀರು ಹೊಡೆಯುವುದಿಲ್ಲ. ಸಾದಾ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ತೇವ ಆರದಂತೆ ನೋಡಬೇಕೆಂಬುದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ನಿಯಮ. ಮೋಲ್ಡ್ ಕೆಳಗಿನ ಗೂಟಗಳನ್ನು 4.5 ಮೀಟರ್‌ವರೆಗಿನ ಹರವಿಗೆ 7 ದಿನ, ಅದಕ್ಕೂ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ಸೆಂಟ್ರಿಂಗ್ ಸಾಮಾನು ಬಾಡಿಗೆಯದಾದ್ದರಿಂದ ಬೇಗ ಬಿಚ್ಚುವ ಆತುರ ಇದ್ದೇ ಇರುತ್ತದೆ.

ಇನ್ನೊಂದು, ಹಳೇ ಸಾಮಾನು. ತೇಗದ, ಹೊನ್ನೆಯ ಬಾಗಿಲು, ಕಲ್ಲು ಕಂಬ, ಚಪ್ಪಡಿ, ಮಂಗಳೂರು ಹೆಂಚು – ಇವಕ್ಕೆಲ್ಲ ಈಗ ಒಳ್ಳೆಯ ಬೆಲೆ. ಬೆಂಗಳೂರಿನ ರೆಸಾರ್ಟ್‌ಗಳಿಗೆ, ‘ಹಳ್ಳಿ ಶೈಲಿ’ಯ ಬಂಗಲೆಗಳಿಗೆ ಬೇಕಾದದ್ದೇ ಇದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು. ಅಂಥ ಹಳೆಯ ಕಾರ್ಖಾನೆಯ ಹೆಸರಿರುವ ಹೆಂಚನ್ನು ಹುಡುಕಿಕೊಂಡು ಬರುವವರಿದ್ದಾರೆ. ‘ಒಡೆಯೋ ಕೂಲಿ ಬೇಡ ಸಾರ್, ಹಳೇ ಸಾಮಾನು ನಮಗೆ ಬಿಡಿ’ ಎಂದು ಯಾರಾದರೂ ಧಾರಾಳವಾಗಿ ಹೇಳಿದರೆ, ಆ ಧಾರಾಳದ ಬೆಲೆ ಎಷ್ಟೆಂದು ಮೊದಲು ವಿಚಾರಿಸಿಕೊಳ್ಳಿ.

ಲೇಬರ್ ಕಾಂಟ್ರಾಕ್ಟೋ, ಮೆಟೀರಿಯಲ್ ಸೇರಿಯೋ ಎಂಬುದು ಮುಂದಿನ ಪ್ರಶ್ನೆ. ಹಳೇ ಮನೆಗೆ ನನ್ನ ಮತ ಲೇಬರ್ ಕಾಂಟ್ರಾಕ್ಟಿಗೆ, ಮನೆಯಲ್ಲಿ ಓಡಾಡಿ ಸಾಮಾನು ತರುವವರು ಯಾರಾದರೂ ಇದ್ದರೆ. ಮೆಟೀರಿಯಲ್ ಅವರದೇ ಎಂದಾದರೆ ‘ಒಳ್ಳೇ ಕಂಪನಿ ಸಿಮೆಂಟ್’ ಎಂದು ಬರೆಸಿಕೊಳ್ಳುವುದರಿಂದ ಏನೂ ಪ್ರಯೋಜನವಿಲ್ಲ. ಯಾವ ಸಿಮೆಂಟ್, ಯಾವ ವೈರ್, ಯಾವ ಪೈಪ್, ಟೈಲ್ಸ್ ಅಡಿಗೆ ಎಷ್ಟು ರೂಪಾಯಿಯದು ಎಂದೇ ಇರಬೇಕು. ಕಟ್ಟಲು ಎಂ-ಸ್ಯಾಂಡ್, ಪ್ಲಾಸ್ಟರಿಗೆ ಪಿ-ಸ್ಯಾಂಡ್. ಕೆರೆಯಂಗಳದ, ಹೊಲದ ಮಣ್ಣನ್ನು ತೊಳೆದು ತೆಗೆಯುವ ಫಿಲ್ಟರ್ ಮರಳಿನ ದಂಧೆ ಈ ಜಿಲ್ಲೆಯಲ್ಲಿ ವರ್ಷಗಟ್ಟಲೆ ನಡೆದದ್ದು ಎಲ್ಲರಿಗೂ ಗೊತ್ತು. ಸಂಶಯ ಬಂದರೆ ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ಉಪ್ಪು ಬೆರೆಸಿದ ನೀರು ಹಾಕಿ ಕುಲುಕಿ ಬಿಡಿ. ಮರಳಿನ ಮೇಲೆ ದಪ್ಪಗೆ ಕೆಸರಿನ ಪದರ ಕೂತರೆ ಲೋಡು ವಾಪಸ್ ಕಳಿಸಿ. ಜಿಎಸ್‌ಟಿ ಸೇರಿಯೇ ಈ ರೇಟು ಎಂದೂ ಕೇಳಿ. ರಿಜಿಸ್ಟರ್ ಆದ ಕಂಟ್ರಾಕ್ಟರ್ ಆಗಿದ್ದು ಕೊನೆಯಲ್ಲಿ ನೂರಕ್ಕೆ 18 ಸೇರಿಸಿದರೆ ಮೊದಲ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಎಸ್ಟಿಮೇಟನ್ನು ಹಾಗೇ ಕೊಟ್ಟರೆ ಒಪ್ಪಬೇಡಿ.

ಎಷ್ಟೇ ನೋಡಿದರೂ ಒಡೆದ ಮೇಲೆ ಹೊಸದೇನೋ ಕಾಣುತ್ತದೆ, ಇದು ಹಳೇ ಮನೆಯ ಸ್ವಭಾವ. ಆದ್ದರಿಂದ ಎಕ್ಸ್‌ಟ್ರಾ ಇರಲೇಬಾರದು ಎಂದು ಹಟ ಹಿಡಿಯುವುದು ಅರ್ಥವಿಲ್ಲದ್ದು. ಎಕ್ಸ್‌ಟ್ರಾ ಬಂದಾಗ ಯಾವ ರೇಟು, ಯಾರು ಒಪ್ಪಬೇಕು, ಒಪ್ಪುವ ಮೊದಲು ಕೆಲಸ ಶುರುಮಾಡಬಹುದೇ ಎಂಬುದನ್ನು ಮೊದಲೇ ಬರೆದಿಡಬೇಕು. ಬರೆಯದೆ ಮಾಡಿಸಿಕೊಂಡು ಆಮೇಲೆ ಕೊಡುವುದಿಲ್ಲ ಎನ್ನಲೂ ಆಗದು. ಬಿಟ್ಟಿಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕ ಹಣ ಕೊಡಬೇಕೆಂದು 1872ರ ಕರಾರು ಕಾಯ್ದೆಯ 70ನೇ ಸೆಕ್ಷನ್ ಇದೆ.

ಶನಿವಾರದ ಬಟವಾಡೆ

ಹಿಂದೆ ಮಾಡಿದ ಕೆಲಸ ತೋರಿಸಿ ಎಂದರೆ ಕಂಟ್ರಾಕ್ಟರ್ ತೋರಿಸುವುದು ಈಚೆಗೆ ಮುಗಿಸಿದ, ಬಣ್ಣದ ವಾಸನೆ ಇನ್ನೂ ಹೋಗದ ಮನೆಯನ್ನು. ನೀವು ಕೇಳಬೇಕಾದ್ದು ಮೂರು ಮಳೆಗಾಲ ಕಂಡ ಮನೆ. ಅಲ್ಲಿ ಹೋಗಿ ಹಾಲ್‌ನ ಫಾಲ್ಸ್ ಸೀಲಿಂಗ್ ನೋಡಬೇಡಿ; ಬಚ್ಚಲಿನ ಹೊರಗೋಡೆ, ಕಿಟಕಿಯ ಕೆಳಭಾಗ, ಪ್ಯಾರಪೆಟ್ ಸೇರುವ ಜಾಗ, ಹಳೇ ಗೋಡೆಗೆ ಹೊಸ ಗೋಡೆ ಕೂಡುವ ಗೆರೆ ನೋಡಿ.

ಅದಕ್ಕಿಂತ ಮುಖ್ಯವಾದ ವಿಚಾರಣೆ ಎರಡು ಕಡೆ ಆಗಬೇಕು. ಒಂದು, ಹಾರ್ಡ್‌ವೇರ್ ಮತ್ತು ಸಿಮೆಂಟ್ ಅಂಗಡಿ. ಯಾವ ಮೇಸ್ತ್ರಿಯ ಬಾಕಿ ಎಷ್ಟಿದೆ, ಯಾರು ಒಂದು ಮನೆಯ ದುಡ್ಡನ್ನು ಇನ್ನೊಂದು ಮನೆಗೆ ಹಾಕುತ್ತಾರೆ ಎಂಬುದು ಅವರ ಪುಸ್ತಕದಲ್ಲಿ ಇರುತ್ತದೆ. ಅಂಕಿ ಹೇಳದಿದ್ದರೂ ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಎರಡನೆಯದು ಕೆಲಸಗಾರರು. ನಮ್ಮ ಕಡೆ ಗಾರೆ ಕೆಲಸದವರಿಗೆ, ಕೈಯಾಳುಗಳಿಗೆ ಕೂಲಿ ಬಟವಾಡೆ ಶನಿವಾರ. ರಾಯಚೂರು, ಯಾದಗಿರಿ ಕಡೆಯಿಂದಲೋ ಬಿಹಾರ, ಒಡಿಶಾದಿಂದಲೋ ಬಂದು ಶೆಡ್ಡಿನಲ್ಲಿರುವವರಿಗೆ ಆ ದುಡ್ಡೇ ವಾರದ ಅಕ್ಕಿ. ಶನಿವಾರ ಬಟವಾಡೆ ತಪ್ಪಿಸುವ ಮೇಸ್ತ್ರಿಯ ಸೈಟಿಗೆ ಸೋಮವಾರ ಆಳು ಬರುವುದಿಲ್ಲ. ಕೆಲಸ ಆರು ತಿಂಗಳು ಎಳೆದ ಮನೆಗಳ ಕಾರಣ ಹುಡುಕಿದರೆ ಬಹಳಷ್ಟು ಸಲ ಅಲ್ಲಿಗೇ ಬಂದು ನಿಲ್ಲುತ್ತದೆ. ಆ ಆಳುಗಳಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಎಂದೂ ಕೇಳಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ನೋಂದಾಯಿಸಬಹುದು. ಕಾರ್ಡ್ ಮಾಡಿಸಿಕೊಟ್ಟಿರುವ ಮೇಸ್ತ್ರಿ ನಿಮ್ಮ ಮನೆಯನ್ನೂ ಹಾಗೆಯೇ ನೋಡಿಕೊಂಡಾರು.

ಇನ್ನು ನೆಂಟರು, ನಮ್ಮೂರವರು ಎಂದು ಕೆಲಸ ಕೊಡುವ ವಿಷಯ. ನಂಬಿಕೆ ಸರಿ, ಆದರೆ ನೆಂಟರ ಹತ್ತಿರ ಗೋಡೆ ಓರೆಯಾಗಿದೆ ಎನ್ನಲು ಬಾಯಿ ಬರುವುದಿಲ್ಲ. ಮದುವೆ ಮನೆಯಲ್ಲಿ ಎದುರಾಗುವವರ ಬಿಲ್ಲನ್ನು ಸಾಲು ಸಾಲಾಗಿ ಓದುವ ಧೈರ್ಯವಿದ್ದರೆ ಕೊಡಿ.

ಹಣದ ಕಂತನ್ನು ತಾರೀಖಿಗೆ ಕಟ್ಟದೆ ಕೆಲಸಕ್ಕೆ ಕಟ್ಟಬೇಕು. ಒಡೆದು ಮಣ್ಣು ಹೊರಗೆ ಹೋದ ಮೇಲೆ ಒಂದು, ಪೈಪು ಮತ್ತು ವೈರಿಂಗ್ ಗೋಡೆಯೊಳಗೆ ಕೂತು ಮುಚ್ಚುವ ಮುನ್ನ ಫೋಟೋ ತೆಗೆದ ಮೇಲೆ ಒಂದು, ಬಚ್ಚಲಿನಲ್ಲಿ ನೀರು ನಿಲ್ಲಿಸಿ ಎರಡು ದಿನ ಕೆಳಗಡೆ ತೇವ ಬರಲಿಲ್ಲ ಎಂದು ಕಂಡ ಮೇಲೆ ಟೈಲ್ಸ್‌ಗೆ ಒಂದು – ಹೀಗೆ. ಅಡ್ವಾನ್ಸ್ ಮೊದಲ ವಾರದ ಸಾಮಾನು, ಕೂಲಿಗೆ ಸಾಕಾಗುವಷ್ಟಿರಲಿ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ, ಮಾತೆಲ್ಲ ವಾಟ್ಸ್ಆ್ಯಪ್‌ನಲ್ಲೂ ಇರಲಿ.

ಇಷ್ಟಾಗಿಯೂ ಕೆಟ್ಟರೆ? ರೇರಾಕ್ಕೆ ಹೋಗುತ್ತೇನೆ ಎಂದು ಹೆದರಿಸುವವರಿದ್ದಾರೆ. ರೇರಾ ಇರುವುದು ಮಾರಾಟದ ಯೋಜನೆಗಳಿಗೆ. ಮಾರಾಟವಿಲ್ಲದ ರಿಪೇರಿ, ನವೀಕರಣ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು 2016ರ ಕಾಯ್ದೆಯ 3ನೇ ಸೆಕ್ಷನ್ನೇ ಹೇಳಿದೆ. ಠಾಣೆಗೆ ಹೋದರೆ ಸಿವಿಲ್ ವ್ಯಾಜ್ಯ ಎನ್ನುತ್ತಾರೆ, ಹೆಚ್ಚಿನ ಸಲ ಅದು ಸರಿಯೂ ಹೌದು. ದಾರಿ ಇರುವುದು ಜಿಲ್ಲಾ ಗ್ರಾಹಕ ಆಯೋಗದಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮನೆ ನಿರ್ಮಾಣವನ್ನು ಸೇವೆ ಎಂದೇ ಹೆಸರಿಸಿದೆ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಸಹಾಯವಾಣಿ 1915. ಅಲ್ಲಿ ಗೆಲ್ಲುವುದು ಕಾಗದ, ಫೋಟೋ ಮತ್ತು ಇನ್ನೊಬ್ಬ ಇಂಜಿನಿಯರ್ ಬರೆದುಕೊಟ್ಟ ವರದಿ.

ಮೇಸ್ತ್ರಿಗಳೂ ಮನೆಯವರನ್ನು ಆರಿಸುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದಿನಕ್ಕೊಂದು ಬದಲಾವಣೆ ಹೇಳುವವರು, ಸೋದರಮಾವನನ್ನು ಕರೆಸಿ ಮಾಡಿದ ಕೆಲಸದಲ್ಲಿ ತಪ್ಪು ತೆಗೆಸುವವರು, ಕೊನೆಯ ಕಂತನ್ನು ಸುಮ್ಮನೆ ಸತಾಯಿಸುವವರು – ಇವರ ಹೆಸರೂ ಟೀ ಅಂಗಡಿಯಲ್ಲಿ ಓಡಾಡುತ್ತದೆ. ಒಳ್ಳೆಯ ಮೇಸ್ತ್ರಿ ಅಂಥ ಮನೆಗೆ ಜಾಸ್ತಿ ರೇಟು ಹೇಳಿ ತಪ್ಪಿಸಿಕೊಳ್ಳುತ್ತಾರೆ. ಅವರು ಬಿಡುವಾಗಿ ಸಿಗುವ ಕಾಲವೂ ಒಂದಿದೆ. ಯುಗಾದಿ ಕಳೆದು ಗೃಹಪ್ರವೇಶದ ಮುಹೂರ್ತಗಳು ಬಂದರೆ ಒಬ್ಬರೇ ನಾಲ್ಕು ಮನೆ ಹಿಡಿದಿರುತ್ತಾರೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಹೊಸ ಪಾಯ ಯಾರೂ ಹಾಕುವುದಿಲ್ಲ. ಒಳಗಿನ ಕೆಲಸಕ್ಕೆ ಮುಹೂರ್ತ ಬೇಡದವರು ಆಗ ಹಿಡಿದರೆ ಅವರ ಗಮನವೆಲ್ಲ ನಿಮ್ಮ ಮನೆಯ ಮೇಲಿರುತ್ತದೆ. ಚಾವಣಿ ಬಿಚ್ಚುವ ಕೆಲಸ ಮಾತ್ರ ಶಿವರಾತ್ರಿಯ ಆಸುಪಾಸಿನ ಒಣಹವೆಗೆ ಇರಲಿ.

ಕೊನೆಯ ಕಂತಿಗೆ ಇಬ್ಬರೂ ಒಪ್ಪಬಹುದಾದ ವ್ಯವಸ್ಥೆ ಒಂದಿದೆ: ಕೆಲಸ ಮುಗಿದ ದಿನ ಅರ್ಧ, ಉಳಿದರ್ಧ ಒಂದು ಮಳೆಗಾಲ ಕಳೆದ ಮೇಲೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದೀಪಾವಳಿ ಆದ ಮೇಲೆ ತಾರಸಿ, ಬಚ್ಚಲು ನೋಡಿ ಕೊಡಬಹುದು. ಕಾಗದದಲ್ಲಿ ತಾರೀಖನ್ನೇ ಬರೆಯಿರಿ. ‘ಮಳೆ ನಿಂತ ಮೇಲೆ’ ಎಂದು ಬರೆದರೆ ಡಿಸೆಂಬರ್‌ನಲ್ಲಿ ಚಂಡಮಾರುತದ ಮಳೆ ಬಂದಾಗ ಮತ್ತೆ ಜಗಳ ಶುರುವಾಗುತ್ತದೆ.